ಮಿಕ್ಕಿದ ಒಂದು ಲೇಬಲ್

ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೊಸದಾಗಿ ಬಂದಿದ್ದ ಮುಖ್ಯ ಗ್ರಂಥಪಾಲಕರು ನಾಲ್ಕು ದಿನದ ಕಾರ್ಯಾಗಾರಕ್ಕೆ ಹೋದರು. ಹೋಗುವಾಗ ಎಲ್ಲರ ಹಾಗೇ ಇದ್ದರು. ಬರುವಾಗ ಒಂದು ಚೀಲ, ಒಂದು ಪೆನ್ನು, ಜೊತೆಗೆ ಸಿಬ್ಬಂದಿಯನ್ನೆಲ್ಲ ಉದ್ಧಾರ ಮಾಡುವ ಹಂಬಲ ಹೊತ್ತು ಬಂದರು. ಚೀಲ ಮತ್ತು ಪೆನ್ನಿನಿಂದ ಯಾರಿಗೂ ತೊಂದರೆಯಾಗಲಿಲ್ಲ.

ಮಾರನೆಯ ಬೆಳಿಗ್ಗೆಯೇ ಸಭೆ ಕರೆದರು. "ನೀವೆಲ್ಲ ಒಂದೇ ಕುರ್ಚಿಯಲ್ಲಿ ಕೂತು ಕೂತು ಬೇರು ಬಿಟ್ಟಿದೀರಿ. ಇನ್ಮೇಲೆ ಜಾಬ್ ರೊಟೇಶನ್! ಮೂರು ತಿಂಗಳಿಗೊಂದ್ಸಲ ಎಲ್ಲರ ಸೀಟೂ ಬದಲು. ಅದಕ್ಕೆ ಮುಂಚೆ ಒಂದು ವಾರ ಶ್ಯಾಡೋಯಿಂಗ್. ಅಂದ್ರೆ ಇನ್ನೊಬ್ಬರ ನೆರಳಾಗಿ ಎರಡು ಹೆಜ್ಜೆ ಹಿಂದೆ ನಿಂತು ಅವರ ಕೆಲಸ ನೋಡೋದು. ಕಾಲು ಗಂಟೆಗೊಂದ್ಸಲ ಕಂಡದ್ದನ್ನ ಫಾರಂನಲ್ಲಿ ಬರೀಬೇಕು."

ಫಾರಂನ ಕೊನೆಯಲ್ಲಿ 'ಕಂಡುಬಂದ ದೋಷಗಳು' ಎಂಬ ಅಂಕಣವಿತ್ತು. ಮೂರಾದರೂ ಬರೆಯುವುದು ಕಡ್ಡಾಯ. ಸಹೋದ್ಯೋಗಿಗಳ ನಡುವೆ ಪ್ರೀತಿ ವಿಶ್ವಾಸ ಬೆಳೆಸುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಆ ನಾಲ್ಕು ದಿನಗಳಲ್ಲಿ ಯಾರಿಗೂ ಹೊಳೆದಿರಲಿಕ್ಕಿಲ್ಲ.

"ಇನ್ನೊಂದು ವಿಷಯ," ಎಂದರು ಸಾಹೇಬರು ಏಳುತ್ತಾ. "ಖಾಲಿ ಇರೋ ಉಪ ಗ್ರಂಥಪಾಲಕರ ಹುದ್ದೆಗೂ ಈ ವರದಿಗಳನ್ನೇ ನೋಡ್ತೀನಿ."

ಆ ಮಾತಿಗೆ ನಂಬರ್ ಮೇಡಂ ಬೆನ್ನು ನೆಟ್ಟಗೆ ಮಾಡಿ ಕೂತರು. ಬಂದ ಪುಸ್ತಕಕ್ಕೆಲ್ಲ ವಿಷಯ ನೋಡಿ ನಂಬರು ಕೊಡುವುದು, ಆ ನಂಬರಿನ ಲೇಬಲನ್ನು ಪುಸ್ತಕದ ಬೆನ್ನಿಗೆ ಅಂಟಿಸುವುದು ಇಪ್ಪತ್ತೊಂದು ವರ್ಷದಿಂದ ಅವರ ಕೆಲಸ. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ, ಅದರ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆಯಿತ್ತು. ಹನ್ನೊಂದು ವರ್ಷದಿಂದ ಆ ಹುದ್ದೆಯ ಮೇಲೆ ಕಣ್ಣಿಟ್ಟಿದ್ದರು. ಮನೆಯಲ್ಲಿ ಅತ್ತೆಯಂತೂ ಆದೇಶಕ್ಕೆ ಕಾಯದೆ ಬೀಗರಿಗೆಲ್ಲ ಸುದ್ದಿ ಮುಟ್ಟಿಸಿಬಿಟ್ಟಿದ್ದರು. ಎದುರಾಳಿ ಅಂತ ಇದ್ದವನು ಒಬ್ಬನೇ, ಪುಸ್ತಕ ಕೊಡುವ ಕೌಂಟರಿನ ನಗೆಮುಖ. ಅವನಿಗೆ ನಗುವುದೊಂದು ಬಿಟ್ಟು ಬೇರೇನೂ ಬರುವುದಿಲ್ಲ ಎಂಬುದು ಮೇಡಂ ಅಭಿಪ್ರಾಯ.

ಯಾರು ಯಾರಿಗೆ ನೆರಳು ಎಂದು ಚೀಟಿ ಎತ್ತಿದಾಗ ಮೇಡಂ ಪಾಲಿಗೆ ಬಂದದ್ದು ಏಣಿಯಣ್ಣ. ನೆಲಮಾಳಿಗೆಯ ಪುಸ್ತಕ ಭಂಡಾರ ಅವನ ವಶದಲ್ಲಿತ್ತು. ಅಲ್ಲಿಗೆ ಓದುಗರಿಗೆ ಪ್ರವೇಶವಿಲ್ಲ. ಅವರು ಮೇಲೆ ಕ್ಯಾಟಲಾಗು ನೋಡಿ ಚೀಟಿಯಲ್ಲಿ ನಂಬರು ಬರೆದು ಕಳಿಸುತ್ತಾರೆ, ಇವನು ಏಣಿ ಹತ್ತಿ ಪುಸ್ತಕ ತೆಗೆದು ಕಳಿಸುತ್ತಾನೆ. ನಿವೃತ್ತಿಗೆ ಆರು ತಿಂಗಳಿದ್ದ ಈ ಮನುಷ್ಯನಿಗೆ ಹೊಸ ಕೆಲಸ ಕಲಿಸುವ ಉದ್ದೇಶದಿಂದ ಮುಂದಿನ ಸೋಮವಾರದಿಂದ ಪತ್ರಿಕಾ ವಿಭಾಗಕ್ಕೆ ಹಾಕಿದ್ದರು. ಹೋಗುವ ಮುಂಚೆ ಭಂಡಾರದ ತಪಾಸಣೆ. ತಪ್ಪು ಜಾಗದಲ್ಲಿ ಎಷ್ಟು ಪುಸ್ತಕ ಸಿಗುತ್ತದೋ ಅಷ್ಟೂ ಅವನ ಸೇವಾ ಪುಸ್ತಕದಲ್ಲಿ ದಾಖಲಾಗಬೇಕೆಂದು ಸಾಹೇಬರ ಅಪ್ಪಣೆಯಾಗಿತ್ತು.

ಮೊದಲ ಎರಡು ದಿನ ಮೇಡಂ ಅವನ ಹಿಂದೆ ಸುತ್ತಿದ್ದೇ ಬಂತು. ಫಾರಂನಲ್ಲಿ 'ಏಣಿ ಹತ್ತಿದರು', 'ಏಣಿ ಇಳಿದರು', 'ಮತ್ತೆ ಹತ್ತಿದರು' ಎಂದು ಬರೆದು ಬರೆದು ಬೇಜಾರಾಯಿತು. ದೋಷದ ಅಂಕಣ ಮಾತ್ರ ಬಾಯಿ ತೆರೆದುಕೊಂಡು ಕೂತಿತ್ತು.

ಮೂರನೆಯ ದಿನ ಅದೃಷ್ಟ ಖುಲಾಯಿಸಿತು. ಜೇನು ಸಾಕಣೆಯ ಪುಸ್ತಕ ಬೇಕೆಂದು ಯಾರೋ ಚೀಟಿ ಕಳಿಸಿದ್ದರು. ಏಣಿಯಣ್ಣ ನೇರವಾಗಿ ಜೇನಿನ ಕಪಾಟಿಗೆ ಹೋಗಿ ಪುಸ್ತಕ ಎಳೆದ. ಪುಸ್ತಕವೇನೋ ಜೇನಿನದೇ, ಆದರೆ ಬೆನ್ನ ಮೇಲಿದ್ದದ್ದು ಮೂತ್ರಪಿಂಡದ ಕಾಯಿಲೆಗಳ ನಂಬರು! ಲೇಬಲಿನ ಪ್ರಕಾರ ಅದು ವೈದ್ಯಶಾಸ್ತ್ರದ ಸಾಲಿನಲ್ಲಿರಬೇಕಿತ್ತು. ಮೇಡಂಗೆ ಹಾಲು ಕುಡಿದಷ್ಟು ಸಂತೋಷವಾಯಿತು. 'ಲೇಬಲ್ ನೋಡದೆ ಮನಸ್ಸಿಗೆ ಬಂದಲ್ಲಿ ಇಟ್ಟಿರುತ್ತಾರೆ' ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಂಡರು.

ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ಮೇಡಂ ತಾವೇ ಏಣಿ ಹತ್ತಿದರು. ಹುಡುಕಿದಷ್ಟೂ ಸಿಕ್ಕಿತು. ಹೊಲಿಗೆಯ ಕಪಾಟಿನಲ್ಲಿ ಇನ್ನೊಂದು. ಅದರ ಬೆನ್ನ ಮೇಲೆ ಯಾವ ನಂಬರು ಅಂತೀರಿ? ಜೇನಿನದು. ಕಾನೂನಿನ ಸಾಲಿನಲ್ಲಿದ್ದ ಪುಸ್ತಕಕ್ಕೆ ಹೊಲಿಗೆಯ ನಂಬರು. ಹೀಗೆ ಒಂದರ ನಂಬರು ಇನ್ನೊಂದರ ಬೆನ್ನಿಗೆ. ಮೂರು ದೋಷ ಕೇಳಿದರೆ ಮುನ್ನೂರು ಕೊಡುವ ಉತ್ಸಾಹ ಬಂತು. ಸಾಹೇಬರ ಪಕ್ಕದ ಕೋಣೆಯಲ್ಲಿ ತಾವು ಕೂತಿರುವುದು, ನಗೆಮುಖ ಬಾಗಿಲಲ್ಲಿ ನಿಂತು ನಗಲಾರದೆ ನಗುತ್ತಿರುವುದು ಕಣ್ಣಿಗೆ ಕಟ್ಟಿತು.

ಐದನೆಯದೋ ಆರನೆಯದೋ ಪುಸ್ತಕವನ್ನು ಬೆಳಕಿಗೆ ಹಿಡಿದಾಗ ಲೇಬಲಿನ ಮೇಲಿದ್ದ ಬರಹ ನೋಡಿದರು. ಏಳಕ್ಕೆ ನಡುವೆ ಒಂದು ಅಡ್ಡಗೆರೆ. ಇಡೀ ಗ್ರಂಥಾಲಯದಲ್ಲಿ ಏಳಕ್ಕೆ ಅಡ್ಡಗೆರೆ ಎಳೆಯುವವರು ಒಬ್ಬರೇ. ಅದು ಅವರದೇ ಕೈಬರಹ.

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ತೀರಿಕೊಂಡ ಯಾರೋ ವೈದ್ಯರ ಮನೆಯಿಂದ ಇನ್ನೂರ ಹದಿನಾಲ್ಕು ಪುಸ್ತಕ ದಾನ ಬಂದಿತ್ತು. ತಪಾಸಣಾ ಸಮಿತಿ ಬರುವ ಹಿಂದಿನ ದಿನ ಅಷ್ಟನ್ನೂ ಮುಗಿಸಬೇಕಿತ್ತು. ಮೇಡಂ ಉದ್ದದ ಅಂಟುಪಟ್ಟಿಯಲ್ಲಿ ಸಾಲಾಗಿ ನಂಬರು ಬರೆದು, ಕತ್ತರಿಸಿ, ಸಾಲಾಗಿ ಅಂಟಿಸುತ್ತಾ ಹೋಗಿದ್ದರು. ಎಲ್ಲ ಮುಗಿದಾಗ ಕೈಯಲ್ಲಿ ಒಂದು ಲೇಬಲ್ ಮಿಕ್ಕಿತ್ತು. ಅದೇಕೆ ಮಿಕ್ಕಿತು ಎಂದು ಕೇಳಿಕೊಳ್ಳುವ ವ್ಯವಧಾನ ಇರಲಿಲ್ಲ. ಉಂಡೆ ಮಾಡಿ ಬುಟ್ಟಿಗೆ ಎಸೆದಿದ್ದರು.

ಮೂವತ್ತೆಂಟನೆಯ ನಂಬರನ್ನು ಎರಡು ಸಲ ಬರೆದಿದ್ದರು, ಅಷ್ಟೇ. ಅಲ್ಲಿಂದ ಮುಂದೆ ಪ್ರತಿ ಪುಸ್ತಕವೂ ಅದರ ಹಿಂದಿನದರ ನಂಬರು ಹೊತ್ತುಕೊಂಡಿತ್ತು. ಒಟ್ಟು ನೂರ ಎಪ್ಪತ್ತಾರು ಪುಸ್ತಕ. ಕ್ಯಾಟಲಾಗಿನಲ್ಲಿ ಸರಿ, ಬೆನ್ನ ಮೇಲೆ ತಪ್ಪು. ಲೇಬಲ್ ನಂಬಿ ಜೋಡಿಸಿದ್ದರೆ ಅದರಲ್ಲಿ ಒಂದೂ ಯಾರ ಕೈಗೂ ಸಿಗುತ್ತಿರಲಿಲ್ಲ. ಏಣಿಯಣ್ಣ ಲೇಬಲನ್ನು ಲೆಕ್ಕಕ್ಕಿಡದೆ, ಓದುಗರು ಕೇಳುವ ನಂಬರಿನ ಜಾಗದಲ್ಲಿ ಅಷ್ಟನ್ನೂ ನೆನಪಿನಿಂದಲೇ ಇಟ್ಟುಕೊಂಡು ಬಂದಿದ್ದ. ಮೇಡಂ ಏಣಿಯ ಮೇಲೇ ಕೂತುಬಿಟ್ಟರು. ಆ ಹೊತ್ತು ಫಾರಂ ತುಂಬಲು ಮರೆತರು.

ಸಂಜೆ ಮನೆಯಲ್ಲಿ ಊಟದ ಮೇಜಿನ ಮುಂದೆ ವಿಷಯ ತೆಗೆದರು. ಗಂಡ ವಿದ್ಯುತ್ ಕಚೇರಿಯ ಗುಮಾಸ್ತ, ಫಾರಂಗಳಲ್ಲಿ ಪಳಗಿದ ಕೈ.

"ಸುಳ್ಳು ಬರಿ ಅಂತ ಯಾರಾದ್ರೂ ಹೇಳಿದ್ರಾ?" ಎಂದ. "ಲೇಬಲ್ ಒಂದು ಕಡೆ, ಪುಸ್ತಕ ಒಂದು ಕಡೆ ಇದೆ ಅಂತ ಬರಿ. ಅದು ನಿಜ ತಾನೇ? ಲೇಬಲ್ ಬರೆದದ್ದು ಯಾರು ಅಂತ ಫಾರಂನಲ್ಲಿ ಕೇಳಿದಾರಾ?"

"ಕೇಳಿಲ್ಲ."

"ಮತ್ತೆ? ಕೇಳದೇ ಇದ್ದದ್ದಕ್ಕೆ ಉತ್ತರ ಕೊಡೋಕೆ ನಿಂಗೇನು ಹುಚ್ಚಾ?"

"ಅವರು ರಿಟೈರ್ ಆಗೋರು ಕಣ್ರೀ. ಸೇವಾ ಪುಸ್ತಕಕ್ಕೆ ಹೋಗುತ್ತೆ."

"ರಿಟೈರ್ ಆಗೋರಿಗೆ ಸೇವಾ ಪುಸ್ತಕ ತಗೊಂಡು ಏನಾಗ್ಬೇಕಮ್ಮಾ," ಎಂದು ಅತ್ತೆ ನಡುವೆ ಬಾಯಿ ಹಾಕಿದರು. "ನಾನು ಬೀಗರಿಗೆ ಹೇಳಿ ಆಗಿದೆ. ಈಗ ಆಗ್ಲಿಲ್ಲ ಅಂತ ಯಾವ ಮುಖ ಹೊತ್ಕೊಂಡು ಹೇಳ್ಲಿ?"

ಮೇಡಂಗೂ ಆ ಹುದ್ದೆ ಬೇಕಿತ್ತು. ಆಸೆಯಿರಲಿಲ್ಲ ಎಂದರೆ ಅದು ಶುದ್ಧ ಸುಳ್ಳು. ಮರುದಿನ ಪೂರ್ತಿ ಏಣಿಯಣ್ಣನ ಹಿಂದೆ ನಿಂತು ಅವನ ಕೈಗಳನ್ನೇ ನೋಡಿದರು. ಯಾವ ಪುಸ್ತಕದ ಮುಂದೆಯೂ ಆ ಕೈ ತಡವರಿಸಲಿಲ್ಲ. ತಮ್ಮ ಮೇಲೆ ತಮಗೇ ಸಿಟ್ಟು ಬಂತು, ನಾಚಿಕೆಯೂ ಆಯಿತು.

ಶುಕ್ರವಾರ ಫಾರಂ ತುಂಬಿದರು. ದೋಷ ಒಂದು: ಒಂದೇ ನಂಬರನ್ನು ಎರಡು ಸಲ ಬರೆದದ್ದು. ಎರಡು: ಮಿಕ್ಕಿದ ಲೇಬಲನ್ನು ಯೋಚಿಸದೆ ಬಿಸಾಡಿದ್ದು. ಮೂರು: ಹತ್ತೊಂಬತ್ತು ವರ್ಷ ಒಮ್ಮೆಯೂ ಭಂಡಾರಕ್ಕೆ ಇಳಿದು ನೋಡದೇ ಇದ್ದದ್ದು. ಈ ಮೂರೂ ದೋಷ ನನ್ನವು ಎಂದು ಬರೆದು ಸಹಿ ಹಾಕಿದರು.

ಸಾಹೇಬರು ಎರಡು ಸಲ ಓದಿದರು. "ನಿಮ್ಮ ಪ್ರಾಮಾಣಿಕತೆ ನೋಡಿ ಖುಷಿಯಾಯ್ತು ಮೇಡಂ. ಆದ್ರೆ ಈ ಅಂಕಣ ಇರೋದು ಬೇರೆಯವರ ದೋಷಕ್ಕೆ."

"ಬೇರೆಯವರದ್ದು ಸಿಗ್ಲಿಲ್ಲ ಸರ್."

"ಸರಿ ಬಿಡಿ. ಮುಂದಿನ ಕಾರ್ಯಾಗಾರದಲ್ಲಿ ಇದನ್ನೇ ಉದಾಹರಣೆ ಕೊಡ್ತೀನಿ. ರೊಟೇಶನ್ ಯೋಜನೆ ಎಷ್ಟು ಯಶಸ್ವಿ ಆಯ್ತು ನೋಡಿ!" ಎಂದು ಹಿರಿಹಿರಿ ಹಿಗ್ಗಿದರು. ಹಿಗ್ಗು ಮುಗಿದ ಮೇಲೆ, ಉಪ ಗ್ರಂಥಪಾಲಕರ ಹುದ್ದೆಯನ್ನು ನಗೆಮುಖನಿಗೆ ಕೊಟ್ಟರು. ಅವನ ನೆರಳಾಗಿದ್ದವರ ವರದಿಯಲ್ಲಿ ಮೂರು ದೋಷವೂ ಒಂದೇ ಆಗಿತ್ತಂತೆ: ಸ್ವಲ್ಪ ಜಾಸ್ತಿ ನಗುತ್ತಾರೆ. ನೂರ ಎಪ್ಪತ್ತಾರಕ್ಕೂ ಸೋಮವಾರದೊಳಗೆ ಹೊಸ ಲೇಬಲ್ ಆಗಬೇಕೆಂದು ಮೇಡಂಗೆ ಆದೇಶ ಬಂತು.

ಶನಿವಾರ ಇಬ್ಬರೇ ಕೂಡಿ ಆ ಕೆಲಸಕ್ಕೆ ಕೈ ಹಾಕಿದರು. ಏಣಿಯಣ್ಣ ಕೆಳಗಿನಿಂದ ಪುಸ್ತಕ ತಂದು ಕೊಡುವುದು, ಮೇಡಂ ತಮ್ಮ ಕೋಣೆಯಲ್ಲಿ ಹಳೆಯದನ್ನು ಕಿತ್ತು ಹೊಸದನ್ನು ಅಂಟಿಸುವುದು. ಹುದ್ದೆ ಹೋಯಿತು, ಹೋಗಲಿ. ಮನೆಯಲ್ಲಿ ಅತ್ತೆ ಹಿಂದಿನ ಸಂಜೆಯಿಂದ ಮಾತು ಬಿಟ್ಟಿದ್ದರು, ಬಿಡಲಿ. ಇಷ್ಟಾದರೂ ಮಾಡಿದೆನಲ್ಲ ಎಂಬ ಒಂದು ತಂಪು ಮೇಡಂ ಹೊಟ್ಟೆಯೊಳಗಿತ್ತು. ಏಣಿಯಣ್ಣ ಈಗ ಏನಾದರೂ ಒಂದು ಒಳ್ಳೆಯ ಮಾತು ಹೇಳುತ್ತಾನೆ ಎಂದು ಕಾದರು. ಅವನು ಬಾಗಿಲ ಬಳಿ ಪುಸ್ತಕ ಇಡುತ್ತಿದ್ದ, ಹೋಗುತ್ತಿದ್ದ, ಬರುತ್ತಿದ್ದ.

"ಇನ್ನು ಯಾರು ಬಂದ್ರೂ ಸಿಗುತ್ತೆ ಬಿಡಿ," ಎಂದ ಒಮ್ಮೆ. "ನಾನೇ ಇರ್ಬೇಕು ಅಂತ ಇಲ್ಲ."

ಕೊನೆಗೆ ಮೇಡಂ ತಾವೇ ಬಾಯಿಬಿಟ್ಟರು. "ಅಲ್ಲ, ಇಷ್ಟು ವರ್ಷ ಯಾಕೆ ಸುಮ್ನಿದ್ರಿ? ಒಂದು ಮಾತು ಬಂದು ಹೇಳ್ಬಾರ್ದಿತ್ತಾ?"

"ಬಂದಿದ್ದೆನಲ್ಲ ಮೇಡಂ."

"ಯಾವಾಗ?"

"ಆವಾಗ್ಲೇ, ಸಮಿತಿಯವರು ಹೋದ ವಾರ. ಎರಡು ಪುಸ್ತಕ ಹಿಡ್ಕೊಂಡು ಇದೇ ಬಾಗಿಲಲ್ಲಿ ನಿಂತು ನಂಬರು ತಪ್ಪಾಗಿದೆ ಅಂದೆ. ನೀವು ಬರೀತಾ ಇದ್ರಿ. ನಂಬರು ನಂಗೆ ಬಿಡಿ, ನಿಮ್ಮ ಕೆಲಸ ನೀವು ನೋಡ್ಕೊಳ್ಳಿ ಅಂದ್ರಿ." ಸಿಟ್ಟೇನೂ ಇಲ್ಲದೆ, ಹವಾಮಾನದ ವಿಷಯ ಹೇಳುವವನ ಹಾಗೆ ಹೇಳಿದ. "ತಲೆ ಎತ್ತಿರ್ಲಿಲ್ಲ ನೀವು. ಅದಕ್ಕೇ ನೆನಪಿರಲ್ಲ."

ಮೇಡಂ ನೆನಪಿಸಿಕೊಳ್ಳಲು ನೋಡಿದರು. ಆ ವರ್ಷ ಕೊಟ್ಟ ನಂಬರುಗಳು ಸಾಲುಸಾಲಾಗಿ ಬಂದವು. ಬಾಗಿಲಲ್ಲಿ ನಿಂತ ಮನುಷ್ಯ ಬರಲಿಲ್ಲ. ಹೊಟ್ಟೆಯೊಳಗಿನ ತಂಪು ಇಂಗಿಹೋಯಿತು.

"ಆಮೇಲೆ?" ಎಂದರು ಸಣ್ಣ ದನಿಯಲ್ಲಿ.

"ಆಮೇಲೇನು, ಓದೋರು ಬಂದು ಕೇಳ್ತಾರಲ್ಲ. ನನ್ನ ಕೆಲಸ ನಾನು ನೋಡ್ಕೊಂಡೆ."

ಏಣಿಯಣ್ಣ ಎದೆಗೊತ್ತಿ ಪುಸ್ತಕ ಹಿಡಿದು ಈಗಲೂ ಬಾಗಿಲಲ್ಲೇ ನಿಂತಿದ್ದ. ಬೆಳಗಿನಿಂದ ಒಂದು ಸಲವೂ ಹೊಸ್ತಿಲು ದಾಟಿರಲಿಲ್ಲ, ಮೇಡಂ ದಾಟಿ ಬನ್ನಿ ಎಂದೂ ಅಂದಿರಲಿಲ್ಲ. ಅವರು ಇನ್ನೊಂದು ಕುರ್ಚಿಗಾಗಿ ಕೋಣೆಯೆಲ್ಲ ನೋಡಿದರು. ಇರಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಅದರ ಅಗತ್ಯವೇ ಬಿದ್ದಿರಲಿಲ್ಲ. ಎದ್ದು ತಮ್ಮ ಕುರ್ಚಿಯನ್ನೇ ಅವನ ಕಡೆ ತಳ್ಳಿದರು.

"ಒಳಗೆ ಬಂದು ಕೂತ್ಕೊಳ್ಳಿ."

"ನೀವು ಬರೀಬೇಕಲ್ಲ ಮೇಡಂ."

"ನಿಂತೇ ಬರೀತೀನಿ. ನೀವು ನಂಬರು ಹೇಳಿ."

ಏಣಿಯಣ್ಣ ಕುರ್ಚಿಯ ತುದಿಯಲ್ಲಿ ಕೂತು ಹೇಳತೊಡಗಿದ. ಮೇಡಂ ಒಂದೊಂದನ್ನೂ ಎರಡೆರಡು ಸಲ ಅವನನ್ನು ಕೇಳಿಕೊಂಡು ಬರೆದರು.