ಭಾವನ ತಲೆದೆಸೆ

ಅಕ್ಕನ ಫೋನು ಬಂದಾಗ ನಾನೊಂದು ಬಟ್ಟೆ ಅಂಗಡಿಯಲ್ಲಿ ದೀಪ ಜೋಡಿಸುತ್ತಿದ್ದೆ. ಮಲಗುವ ಕೋಣೆಯಿಂದ ಸುಟ್ಟ ವಾಸನೆ ಬರ್ತಿದೆ, ಬಂದು ನೋಡು ಅಂದಳು. ಮೊದಲು ಮೇನ್ ಸ್ವಿಚ್ ಆರಿಸು ಎಂದು ಹೇಳಿ, ಕೆಲಸ ಅರ್ಧಕ್ಕೇ ಬಿಟ್ಟು ಓಡಿದೆ.

ಭಾವನದು ಕನ್ನಡಕದ ಅಂಗಡಿ. ಗಾಜಿನ ಮೇಲೆ ಬೆರಳಚ್ಚು ಕಂಡರೆ ಅವರಿಗೆ ತಡೆಯದು. ಗಿರಾಕಿಯ ಮೂಗಿನ ಮೇಲಿಂದಲೇ ಕನ್ನಡಕ ತೆಗೆದು ಒರೆಸಿಕೊಡುವ ಆಸಾಮಿ. ಅವರ ಮಲಗುವ ಕೋಣೆಗೆ ನಾನು ಕಾಲಿಟ್ಟದ್ದು ಮಾತ್ರ ಅವತ್ತೇ ಮೊದಲು.

ಮಂಚ ಎಳೆದೆ. ಗೋಡೆಯ ಸಂದಿಯಲ್ಲಿ ಎಕ್ಸ್‌ಟೆನ್ಷನ್ ಬಾಕ್ಸ್ ಅಂಗಾತ ಬಿದ್ದಿತ್ತು. ಅದರ ಮೇಲೆ ಕೂದಲೂ ಧೂಳೂ ಹೆಪ್ಪುಗಟ್ಟಿದ್ದವು. ಕೆಮ್ಮಿನ ಔಷಧಿ ಚೆಲ್ಲಿ ಅಂಟಾದ ಕಡೆ ಉಗುರಿನ ಚೂರುಗಳು ಮೆತ್ತಿಕೊಂಡಿದ್ದವು. ಅಲ್ಲಾಡಿಸಿದ್ದೇ ತಡ, ತೂತುಗಳಿಂದ ಜಿರಳೆ ಮರಿಗಳು ಬಳಬಳನೆ ಉದುರಿದವು. ಚಾರ್ಜರಿನ ವೈರು ಸೀಳಿದ ಜಾಗಕ್ಕೆ ಗಾಯದ ಪಟ್ಟಿ ಸುತ್ತಿದ್ದರು. ಅದೂ ಬಳಸಿದ ಪಟ್ಟಿ, ಒಣಗಿದ ರಕ್ತದ ಕಲೆಯ ಸಮೇತ. ಭಾವ ಬಿಟ್ಟುಹೋಗಿದ್ದ ಫೋನು ದಿಂಬಿನಡಿ ಚಾರ್ಜಿಗಿತ್ತು. ದಿಂಬು ಎತ್ತಿದರೆ, ಹಳದಿ ಜೊಲ್ಲಿನ ಕಲೆಗಳ ನಡುವೆ ಅಂಗೈಯಗಲ ಸುಟ್ಟ ಗುರುತು.

ಮೂಗಿಗೆ ಕರವಸ್ತ್ರ ಕಟ್ಟಿಕೊಂಡೆ. ಚರಂಡಿಯ ಪಕ್ಕದ ಮೀಟರ್ ಬೋರ್ಡು ಬಿಚ್ಚಿದವನು ನಾನು. ಅಲ್ಲೂ ನನಗೆ ಇದರ ಅಗತ್ಯ ಬಿದ್ದಿರಲಿಲ್ಲ.

ಇಲ್ಲಿ ಹೇಗೆ ನಿದ್ದೆ ಮಾಡ್ತೀಯ ಎಂದು ಅಕ್ಕನನ್ನು ಕೇಳಿದೆ. ಅವಳು ಬಾಗಿಲು ದಾಟಿ ಒಳಗೆ ಬಂದಿರಲೇ ಇಲ್ಲ.

"ನಾನಿಲ್ಲಿ ಮಲಗೋದು ಬಿಟ್ಟು ಒಂದೂವರೆ ವರ್ಷ ಆಯ್ತು. ಮಗಳ ಕೋಣೆಲಿ, ನೆಲದ ಮೇಲೆ ಮಲಗ್ತೀನಿ," ಅಂದಳು.

ಹೇಳಿ ಹೇಳಿ ಬಾಯಿ ನೋಯಿಸಿಕೊಂಡಳಂತೆ. ಇಡೀ ದಿನ ಊರವರ ಗಾಜು ಒರೆಸ್ತೀನಿ, ಮಾರುದ್ದ ಜಾಗನಾದರೂ ನನ್ನ ಪಾಡಿಗೆ ಬಿಡು ಅನ್ನುತ್ತಿದ್ದರಂತೆ ಭಾವ.

ಮಧ್ಯಾಹ್ನ ಊಟಕ್ಕೆ ಬಂದ ಭಾವ ಇಣುಕಿ ನೋಡಿ, ಅದೇನು ಮಹಾ, ಒರೆಸಿ ಹೊಸ ವೈರು ಹಾಕಿಬಿಡು ಅಂದರು. ನಾನು ರಬ್ಬರಿನ ಕೈಗವಸು ಅವರ ಮುಂದೆ ಹಿಡಿದೆ.

"ವೈರು ನಾನು ಹಾಕ್ತೀನಿ ಭಾವ. ಈ ಹೊಲಸು ನಿಮ್ಮದು, ನೀವೇ ತೆಗೀರಿ."

ಅವರೆದುರು ಹಾಗೆ ಎಂದೂ ಮಾತಾಡಿದವನಲ್ಲ. ಅವರ ಮುಖ ಚಿಕ್ಕದಾಯಿತು, ಆದರೂ ಕುಕ್ಕರುಗಾಲಲ್ಲಿ ಕೂತು ಆ ಕೂದಲಿನ ಮುದ್ದೆಗೆ ಕೈಹಾಕಿದರು. ಜಿರಳೆಯೊಂದು ಅಂಗಿಯ ತೋಳೊಳಗೆ ನುಗ್ಗಿದಾಗ ಬಚ್ಚಲಿಗೆ ಓಡಿದರು. ವಾಕರಿಸುವ ಸದ್ದು ಕೇಳಿಸಿತು. ನನಗೆ ಅಯ್ಯೋ ಅನ್ನಿಸಲಿಲ್ಲ. ವಾಪಸು ಬಂದು, ಮೂಲೆಯವರೆಗೂ ಉಜ್ಜಿದರು.

ಆಮೇಲೆ ನಾನು ಹಾಸಿಗೆಗೂ ಪರದೆಗೂ ತಾಗದಂತೆ, ಕೈಗೆಟುಕುವಷ್ಟು ದೂರದಲ್ಲಿ ಗೋಡೆಗೆ ಪುಟ್ಟ ಮರದ ಹಲಗೆ ಹೊಡೆದೆ. ಅದರ ಮೇಲ್ಗಡೆ ಸ್ವಿಚ್ಚಿರುವ ಹೊಸ ಬಾಕ್ಸನ್ನು ಗೋಡೆಗೇ ತಿರುಪು ಹಾಕಿ ಕೂರಿಸಿದೆ. ವೈರುಗಳನ್ನು ಕ್ಲಿಪ್ಪಿನಲ್ಲಿ ಹಿಡಿಸಿ, ತಲೆದೆಸೆಯಲ್ಲಿದ್ದ ನೀರಿನ ಬಾಟಲಿಯನ್ನು ಮಂಚದ ಆಚೆ ಬದಿಗೆ ಸರಿಸಿದೆ. ಫೋನು ಹಲಗೆ ಮೇಲೇ ಇರಬೇಕು, ದಿಂಬಿನಡಿ ಮತ್ತೆ ಹೋಗಕೂಡದು ಅಂದೆ. ಭಾವ ಎಲ್ಲಕ್ಕೂ ತಲೆಯಾಡಿಸಿ, ಜೇಬಿನಿಂದ ಮೆತ್ತನೆಯ ಬಟ್ಟೆ ತೆಗೆದು ಹಲಗೆಯನ್ನು ನಾಲ್ಕು ಸಲ ಒರೆಸಿದರು.

ಅಕ್ಕ ಒಳಗೆ ಬಂದು ನೋಡಿದಳು. ಭಾವ ಅವಳ ಮುಖವನ್ನೇ ನೋಡುತ್ತಿದ್ದರು.

"ಚೆನ್ನಾಗಿದೆ," ಅಂದಳು. "ಮೂರು ತಿಂಗಳು ಹೀಗೇ ಇರಲಿ. ಆಮೇಲೆ ನೋಡೋಣ."

ಸುಟ್ಟ ದಿಂಬನ್ನು ಎರಡೇ ಬೆರಳಲ್ಲಿ ಎತ್ತಿಕೊಂಡು ಹೊರಗೆ ಹೋದಳು. ಭಾವ ಊಟಕ್ಕೆ ಕರೆದರು. ಅಂಗಡಿಯಲ್ಲಿ ಕೆಲಸ ಅರ್ಧಕ್ಕೇ ನಿಂತಿದೆ ಎಂದು ತಪ್ಪಿಸಿಕೊಂಡೆ. ಹಳೆಯ ಬಾಕ್ಸನ್ನು ಕವರಿನಲ್ಲಿ ಬಿಗಿದು ಕಟ್ಟಿ, ಬೀದಿ ಕೊನೆಯ ತೊಟ್ಟಿಗೆ ಎಸೆದೆ.