ಮೋಟರು ಸವೆಯದ ಹಾಗೆ

ಶ್ರೀನಿವಾಸಯ್ಯನವರ ಮನೆಯಲ್ಲಿ ಯಾವ ವಸ್ತುವೂ ಬಳಸಿ ಹಾಳಾದದ್ದಿಲ್ಲ. ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಕವರು, ಸೋಫಾದ ಮೇಲೆ ಹಳೇ ಬೆಡ್‌ಶೀಟು, ಮದುವೆಗೆ ಬಂದ ಗಾಜಿನ ಲೋಟಗಳಿಗೆ ಶೋಕೇಸಿನ ಬೀಗ. ಅಂಥ ಮನೆಗೆ ಎರಡು ಸಾವಿರದ ಮೂರರ ಯುಗಾದಿಗೆ ಒಂದು ಕರೆಂಟ್ ಕಾರು ಬಂತು. ಎರಡೇ ಬಾಗಿಲಿನ, ಡಬ್ಬಿಯಂಥ ಪುಟ್ಟ ಕಾರು. ಬಸವನಗುಡಿಯ ಆ ಬೀದಿಯ ಮಕ್ಕಳೆಲ್ಲ ಬಂದು ಮುಟ್ಟಿ ನೋಡಿದರು. ಯಜಮಾನರು ಅವರ ಕೈಗುರುತು ಒರೆಸಿದರು.

ಕಾರು ಬಂದದ್ದು ಅವರ ಹೆಂಡತಿ ಗಂಗರತ್ನಮ್ಮನಿಗಾಗಿ. ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದ ಮೇಲೆ ಆಕೆ ಹಟ ಹಿಡಿದು ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದರು. ಆತುರಕ್ಕೆ ಕಾರಣವಿತ್ತು. ಮಲ್ಲೇಶ್ವರದಲ್ಲಿದ್ದ ಅಕ್ಕ ತ್ರಿಪುರಸುಂದರಿಗೆ ಕಣ್ಣಿನ ನರ ಸೋಲುತ್ತಿತ್ತು. ಹೋದ ದೃಷ್ಟಿ ಮರಳಿ ಬಾರದು, ಉಳಿದದ್ದೂ ಎಷ್ಟು ದಿನವೋ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

"ಗಂಗೂ, ನೀನು ಕಾರು ಓಡಿಸೋದನ್ನ ನಾನು ಪಕ್ಕದಲ್ಲಿ ಕೂತು ನೋಡ್ಬೇಕು ಕಣೇ. ಕಣ್ಣಿರೋವಾಗ್ಲೇ ಬಾ," ಎಂದಿದ್ದರು ಅಕ್ಕ. ಚಿಕ್ಕಂದಿನಲ್ಲಿ ತಂಗಿಗೆ ಸೈಕಲ್ ಕಲಿಸಲು ಸೀಟು ಹಿಡಿದು ಹಿಂದೆ ಹಿಂದೆ ಓಡಿದವರು ಅವರೇ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿ ಮನೆಯೊಳಗೇ ಇದ್ದರು. ಕಾರು ತಂದುಕೊಟ್ಟವರನ್ನು ಶ್ರೀನಿವಾಸಯ್ಯ ಕೇಳಿದ್ದು ಒಂದೇ ಪ್ರಶ್ನೆ: ಇದರಲ್ಲಿ ಸವೆಯೋದು ಯಾವುದು? ಎಂಜಿನ್ ಇಲ್ಲ, ಗೇರಿಲ್ಲ, ಆಯಿಲ್ ಬದಲಾಯಿಸುವ ರಗಳೆಯಿಲ್ಲ. ಮಿಕ್ಸಿಯಲ್ಲಿರುವ ಹಾಗೆ ಮೋಟರಿನೊಳಗೆ ಕಾರ್ಬನ್ ಬ್ರಷ್‌ಗಳಿವೆ, ತಿರುಗುವ ತಾಮ್ರಕ್ಕೆ ಒತ್ತಿಕೊಂಡು ಕರೆಂಟು ಕೊಡುತ್ತವೆ, ಅವು ಮಾತ್ರ ಓಡಿದಷ್ಟೂ ಸವೆಯುತ್ತವೆ ಎಂದರು ಅವರು. ಓಡಿದಷ್ಟೂ ಸವೆಯುತ್ತವೆ! ಆ ಮಹಾರಾಯರಿಗೆ ಅಷ್ಟು ಕೇಳಿದ್ದೇ ಸಾಕಾಯಿತು.

ಅಲ್ಲಿಂದ ಕಾರು ಹೊರಡುತ್ತಿದ್ದದ್ದು ಶನಿವಾರ ಮಾತ್ರ, ಕಾರಂಜಿ ಆಂಜನೇಯನ ಗುಡಿಯವರೆಗೆ. ಸ್ಟೀರಿಂಗು ಶ್ರೀನಿವಾಸಯ್ಯನವರ ಕೈಯಲ್ಲೇ. ಏರಿನ ಗೋಜಿಲ್ಲದ ಸಮತಟ್ಟು ದಾರಿ ಹುಡುಕಿ, ತರಕಾರಿ ತಳ್ಳುಗಾಡಿಯ ಹಿಂದೆಯೇ ನಿಧಾನವಾಗಿ ಹೋಗಿ ಬರುತ್ತಿದ್ದರು.

"ಅಕ್ಕನ ಮನೆಗೆ ಹೋಗ್ಬರೋಣ ರೀ. ನಾನು ಓಡಿಸ್ತೀನಿ."

"ಅಷ್ಟು ದೂರಾನಾ? ಮೆಜೆಸ್ಟಿಕ್ ಟ್ರಾಫಿಕ್ಕು, ಆಮೇಲೆ ಮಲ್ಲೇಶ್ವರದ ಏರು. ಮೋಟರ್ ಗತಿ ಏನು? ಮಳೆಗಾಲ ಕಳೀಲಿ ಇರು."

ಮಳೆಗಾಲ ಕಳೆಯಿತು. ಆಮೇಲೆ ಪಿತೃಪಕ್ಷ ಬಂತು. ಆಯುಧಪೂಜೆಯ ದಿನ ಕಾರಿಗೆ ಬಾಳೆಕಂದು ಕಟ್ಟಿ ಆರತಿ ಎತ್ತಿದರು. ಕಾರು ನಿಂಬೆಹಣ್ಣು ಹಿಸುಕುವಷ್ಟು ಮುಂದೆ ಹೋಗಿ, ಅಷ್ಟೇ ಹಿಂದೆ ಬಂದು, ಮತ್ತೆ ಮುಸುಕು ಹೊದ್ದು ಮಲಗಿತು. ಗಂಗರತ್ನಮ್ಮ ಬಸ್ಸಿನಲ್ಲೇ ಅಕ್ಕನನ್ನು ನೋಡಿ ಬರುತ್ತಿದ್ದರು. ಪ್ರತಿ ಸಲವೂ ಅಕ್ಕ ಬಾಗಿಲಿಗೆ ಬಂದು "ಕಾರೆಲ್ಲೇ?" ಎಂದು ಬೀದಿಯ ಕಡೆ ಕತ್ತು ಚಾಚುತ್ತಿದ್ದರು. ಪ್ರತಿ ಸಲವೂ ಏನಾದರೊಂದು ಸುಳ್ಳು ಹೇಳಬೇಕಾಗುತ್ತಿತ್ತು. ಗಂಡನ ಮೇಲೆ ಆಕೆಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಕಾರಿನ ಕೀ ಇದ್ದದ್ದು ಅವರ ಜನಿವಾರದಲ್ಲಿ.

ಮರುವರ್ಷದ ಮಳೆಗಾಲದಲ್ಲಿ ಅಕ್ಕನ ಕಣ್ಣು ಪೂರ್ತಿ ಹೋಯಿತು. ಸುದ್ದಿ ಕೇಳಿದ ದಿನ ಗಂಗರತ್ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತರು. ಶ್ರೀನಿವಾಸಯ್ಯ ಬಾಗಿಲವರೆಗೆ ಬಂದವರು ಹಾಗೇ ಹೊರಗೆ ಹೋದರು.

ಮಳೆಗಾಲವಿಡೀ ಮುಸುಕಿನಡಿಯಲ್ಲೇ ಇದ್ದ ಕಾರೂ, ಮಳೆ ನಿಂತ ಮೇಲೆ ಒಂದು ಶನಿವಾರ ಕದಲಲಿಲ್ಲ. ಒಮ್ಮೆ ಮುಗ್ಗರಿಸಿ, ಗರಗರ ಎಂದು, ಸುಟ್ಟ ವಾಸನೆ ಬಿಟ್ಟು ಗೇಟಿನೊಳಗೇ ನಿಂತಿತು. ಕಾರಿನ ಕಂಪನಿಯಿಂದ ದೀಪ್ತಿ ಎಂಬ ಎಂಜಿನಿಯರ್ ಬಂದು ಮೋಟರಿನ ಮುಚ್ಚಳ ಬಿಚ್ಚಿದಳು.

"ಸವೆದೋಯ್ತೇನಮ್ಮಾ? ನಾನು ಓಡಿಸೇ ಇಲ್ಲವಲ್ಲ!" ಎಂದರು ಶ್ರೀನಿವಾಸಯ್ಯ.

"ಅದೇ ಸಾರ್ ಆಗಿರೋದು."

ಬ್ರಷ್‌ಗಳು ಹೊಸದರಂತೆಯೇ ಇದ್ದವು, ಆದರೆ ಗೂಡಿನಲ್ಲೇ ಕಚ್ಚಿಕೊಂಡಿದ್ದವು. ವಾರಗಟ್ಟಲೆ ಅವು ಒತ್ತಿಕೊಂಡು ಕೂತ ಕಡೆ ತಾಮ್ರ ಕಪ್ಪಾಗಿ ಕಿಲುಬು ಹಿಡಿದಿತ್ತು. "ನಿಂತಲ್ಲೇ ನಿಂತ್ರೆ ತೇವ ತಿನ್ನುತ್ತೆ ಸಾರ್. ಹೊರಟಾಗ್ಲೂ ಮೆಲ್ಲಗೇ ಹೋಗಿದೀರಿ, ಮೋಟರ್ ಬಿಸಿಯೇ ಆಗಿಲ್ಲ. ಏರು ಹತ್ತಿ, ಭಾರ ಎಳೆದು ಓಡಿದ್ರೆ ತಾಮ್ರದ ಮೇಲೆ ತೆಳ್ಳಗೆ ಒಂದು ಪೊರೆ ಕೂರುತ್ತೆ. ಬ್ರಷ್ ಸವೀದಂತೆ ಕಾಯೋದೇ ಅದು. ದಿನಾ ಓಡ್ಲಿ ಅಂತಾನೇ ಮಾಡಿರೋದು ಇದನ್ನ."

ಶ್ರೀನಿವಾಸಯ್ಯ ನಂಬಲಿಲ್ಲ. "ಮುಟ್ಟದೆ ಇಟ್ಟಿದ್ದು ಹಾಳಾಗುತ್ತೆ ಅಂದ್ರೆ ಏನಮ್ಮಾ ಅರ್ಥ?" ಎಂದು ಅದನ್ನೇ ಕೇಳತೊಡಗಿದರು.

ಗಂಗರತ್ನಮ್ಮ ಒಳಗೆ ಹೋಗಿ ಟ್ರಂಕಿನಿಂದ ತಮ್ಮ ಧಾರೆ ಸೀರೆ ತಂದು ಗಂಡನ ಮುಂದೆ ಬಿಡಿಸಿದರು. ಮಡಿಕೆ ಇದ್ದ ಕಡೆಯೆಲ್ಲ ರೇಷ್ಮೆ ಉದ್ದಕ್ಕೂ ಸೀಳಿತ್ತು. "ಉಟ್ರೆ ಹಾಳಾಗುತ್ತೆ ಅಂದ್ರಿ. ಧಾರೆ ದಿನ ಬಿಟ್ರೆ ಉಡಲೇ ಇಲ್ಲ. ನೋಡಿ," ಎಂದು, ಕೀಗಾಗಿ ಕೈ ಚಾಚಿದರು. ಶ್ರೀನಿವಾಸಯ್ಯ ಜನಿವಾರದ ಗಂಟು ಬಿಚ್ಚಿ ಕೀ ಕೊಟ್ಟರು. ದೀಪ್ತಿ ಮುಖ ತಿರುಗಿಸಿಕೊಂಡು ಸ್ಪ್ಯಾನರ್ ಒರೆಸುತ್ತಿದ್ದಳು.

ತಾಮ್ರ ಉಜ್ಜಿ, ಬ್ರಷ್ ಬದಲಿಸಿ ಕಾರು ಸರಿಯಾದ ದಿನವೇ ಗಂಗರತ್ನಮ್ಮ ಮಲ್ಲೇಶ್ವರಕ್ಕೆ ಹೊರಟರು. ಶ್ರೀನಿವಾಸಯ್ಯ ತಾವೂ ಬರುತ್ತೇನೆಂದು, ಮಕ್ಕಳಿಗೆಂದೇ ಮಾಡಿದ ಹಿಂದಿನ ಸೀಟಿನಲ್ಲಿ ಮಂಡಿ ಎದೆಗೆ ಒತ್ತಿಕೊಂಡು ಕೂತರು.

ಅಕ್ಕನನ್ನು ಕೈಹಿಡಿದು ಕರೆತಂದು ಮುಂದೆ ಕೂರಿಸಿ, ಬೆಲ್ಟು ಹಾಕಿ ಹೊರಟದ್ದಾಯಿತು. ತ್ರಿಪುರಸುಂದರಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತು ಕಾದರು.

"ಯಾವಾಗ ಹೊರಡ್ತೀಯೇ?"

"ಹೊರಟಾಯ್ತಕ್ಕ. ಸಂಪಿಗೆ ರಸ್ತೆ ಬಂತು."

"ಸುಳ್ಳು ಹೇಳ್ಬೇಡ ಗಂಗೂ. ಸದ್ದೇ ಇಲ್ಲ."

ಅಷ್ಟು ದಿನದ ಸುಳ್ಳನ್ನೆಲ್ಲ ನಂಬಿದ ಅಕ್ಕ ಈಗ ನಿಜವನ್ನು ನಂಬಲಿಲ್ಲ. ಹಿಂದಿನಿಂದ ಶ್ರೀನಿವಾಸಯ್ಯನವರೇ ಹೇಳಿದರು: "ನಿಜ ಅತ್ತಿಗೆ. ಓಡ್ತಿದೆ. ಅವಳೇ ಓಡಿಸ್ತಿರೋದು."

ತ್ರಿಪುರಸುಂದರಿ ಆ ದನಿಯ ಕಡೆ ಮುಖ ತಿರುಗಿಸಿದರು. "ನಿಮಗೆ ಕಾಣ್ತಿದೆಯಾ?"

"ಕಾಣ್ತಿದೆ."

"ಹಾಗಾದ್ರೆ ಹೇಳಿ. ಹೇಗೆ ಓಡಿಸ್ತಿದಾಳೆ?"

ಶ್ರೀನಿವಾಸಯ್ಯ ಸೀಟುಗಳ ನಡುವೆ ಮುಂದಕ್ಕೆ ಬಾಗಿ, ಮೊದಲ ಸಲ ಹೆಂಡತಿ ಕಾರು ಓಡಿಸುವುದನ್ನು ಗಮನವಿಟ್ಟು ನೋಡಿದರು.

"ಎರಡೂ ಕೈ ಸ್ಟೀರಿಂಗ್ ಮೇಲಿದೆ ಅತ್ತಿಗೆ," ಎಂದು ಶುರುಮಾಡಿದರು. "ಬೆನ್ನು ನೆಟ್ಟಗಿದೆ. ಕನ್ನಡಿ ನೋಡ್ಕೋತಿದಾಳೆ. ಈಗ ಏರು ಬಂತು…"

ಗಂಗರತ್ನಮ್ಮ ಆಕ್ಸಿಲರೇಟರ್ ಒತ್ತಿದರು. ಶ್ರೀನಿವಾಸಯ್ಯ ಮೋಟರಿನ ಮಾತೆತ್ತಲಿಲ್ಲ. ಹೇಳುತ್ತಲೇ ಹೋದರು.