ಬಿಡು ಅಂದಿದ್ದು

ಬಾಗಿಲ ಮೂಲೆಯಲ್ಲಿ ಬಣ್ಣ ಬಿಟ್ಟುಕೊಂಡಿದೆ, ಪುಟ್ಟಿ ಹಾಕದೆ ಬಳಿದಿದ್ದಾರೆ ಕಳ್ಳರು, ಭಾವ ನೋಡಿದ್ದರೆ ಉಗುರಲ್ಲಿ ಕೆರೆದು ನಗುತ್ತಿದ್ದರು — ಭಾವ ಆ ಬಾಗಿಲ ಒಳಗೇ ಮಲಗಿದ್ದಾರೆ, ಒಂದು ಗಂಟೆ ಬಿಟ್ಟು ಒಳಗೆ ಬಿಡ್ತೀವಿ ಅಂದಳು ನರ್ಸು, ಎಷ್ಟು ಸಲೀಸಾಗಿ ಅಂದಳು ಬಿಡು ಅನ್ನೋ ಆ ಮಾತನ್ನು, ಒಂದೇ ಉಸಿರಿಗೆ ಎರಡು ಸಲ. ಪಕ್ಕದಲ್ಲಿ ಅಕ್ಕ, ಇನ್ನೂ ಏನೂ ಕೇಳಿಲ್ಲ, ಕೇಳಿದರೆ ಏನು ಹೇಳಲಿ, ಹಗ್ಗ ಕಿತ್ತೋಯ್ತು ಅಂತ ಹೇಳಿಬಿಡೋ ಅಂದಿದ್ದಾನೆ ಮೇಸ್ತ್ರಿ, ಹೇಳಿಬಿಡು, ಮರೆತುಬಿಡು, ಎಲ್ಲದರ ಬಾಲಕ್ಕೂ ಅದೇ ಅಂಟಿಕೊಳ್ಳುತ್ತದೆ ದರಿದ್ರದ್ದು, ಹಗ್ಗಕ್ಕೇನಾಗಿದೆ, ಗಟ್ಟಿಯಾಗೇ ಇದೆ, ಒಂದು ಕಾಲು ಹಲಗೆ ಮೇಲೆ, ಒಂದು ಕಾಲು — ಬೇಡ.

ಶಾಲೆ ಬಿಟ್ಟ ವರ್ಷ ಆ ಹಗ್ಗ ನನ್ನ ಕೈಗೆ ಕೊಟ್ಟವರೇ ಭಾವ, ನಾನು ತಾರಸಿಯಲ್ಲಿ, ಅವರು ಕೆಳಗೆ ತೂಗುವ ಹಲಗೆಯಲ್ಲಿ ಬ್ರಶ್ ಹಿಡಿದು, ನೋಡೋ, ನಮ್ಮಲ್ಲಿ ಎರಡೇ ಮಾತು, ಹಿಡಿ ಅಂದ್ರೆ ಹಿಡಿ, ಬಿಡು ಅಂದ್ರೆ ಒಂದು ಮೊಳ ಸಡಿಲ ಮಾಡು, ಯಾಕೆ ಏನು ಅಂತ ಯೋಚಿಸ್ತಾ ನಿಂತ್ಯೋ ನಿಮ್ಮಕ್ಕನಿಗೆ ಬೇರೆ ಗಂಡು ಹುಡುಕಬೇಕಾಗುತ್ತೆ. ಹತ್ತು ವರ್ಷ ಯೋಚಿಸಲಿಲ್ಲ, ಕಿವಿಗಿಂತ ಮೊದಲು ಕೈಗೇ ಕೇಳಿಸುತ್ತಿತ್ತು. ಇವತ್ತು ಬೆಳಿಗ್ಗೆ ಟೀ ಕುಡಿಯುವಾಗ ಎಲ್ಲರ ಮುಂದೆ ಅಂದುಬಿಟ್ಟೆ, ನಿಮ್ಮ ಕೈ ನಡುಗ್ತಿದೆ ಭಾವ, ಇನ್ಮೇಲೆ ಕೆಳಗಿನ ಗೋಡೆ ನೋಡ್ಕೊಳ್ಳಿ, ಅವರ ಮುಖ ಸಣ್ಣಗಾಯಿತು, ಟೀ ಅರ್ಧಕ್ಕೇ ಬಿಟ್ಟು ಎದ್ದರು, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ. ಮೂರನೇ ಮಹಡಿ ಮುಗಿಯುವಷ್ಟರಲ್ಲಿ ತಡೆಯಲಾಗದೆ ಬಗ್ಗಿ ಕೂಗಿದೆ, ಬೆಳಿಗ್ಗೆ ಅಂದಿದ್ದು ತಪ್ಪಾಯ್ತು ಭಾವ, ಅವರು ಕಿಟಕಿಗೆ ದಾಟುತ್ತಿದ್ದರು, ಒಂದು ಕಾಲು ಹಲಗೆ ಮೇಲೆ, ಒಂದು ಕಾಲು ಕಿಟಕಿಯ ಅಂಚಿನ ಮೇಲೆ, ತಲೆಯೆತ್ತಿ ನಕ್ಕರು, ಮೀಸೆಯಲ್ಲಿ ಬಿಳಿ ಬಣ್ಣ, ಬಿಡು ಅಂದರು. ಹೋಗಲಿ ಬಿಡು ಅಂತ. ನನ್ನ ಕೈ ಬಿಟ್ಟಿತು, ಒಂದೇ ಮೊಳ.

ಅಕ್ಕ, ಹಗ್ಗ ಕಿತ್ತೋಗಿಲ್ಲ, ನಾನೇ ಬಿಟ್ಟೆ — ಯಾರ ದನಿ ಇದು, ನನ್ನದೇ, ತಪ್ಪಾಯ್ತು ಅಂದೆ ಅಕ್ಕ, ಅವರು ಬಿಡು ಅಂದ್ರು, ಅಕ್ಕ ತಿರುಗಿ ನೋಡುತ್ತಾಳೆ, ಮೆಲ್ಲಗೆ ಬಿಡು ಅನ್ನುತ್ತಾಳೆ, ಆಗಿದ್ದಾಯ್ತು ಅಂತಲೋ, ನನ್ನ ಪಾಡಿಗೆ ನನ್ನ ಬಿಡು ಅಂತಲೋ, ಕೆಳಗೆ ನೋಡಿದರೆ ಅವಳ ಮಣಿಕಟ್ಟು ನನ್ನ ಮುಷ್ಟಿಯಲ್ಲಿದೆ, ಯಾವಾಗ ಹಿಡಿದೆನೋ, ಬಿಗಿದ ಕಡೆ ಕೆಂಪಾಗಿದೆ, ಬಿಡೋ ಅನ್ನುತ್ತಾಳೆ, ಈಗ ಕೈಗೆ ಕೇಳಿಸುತ್ತಿಲ್ಲ, ಬೆರಳು ಬಿಚ್ಚುತ್ತಿಲ್ಲ, ಒಂದು ಕಾಲು ಹಲಗೆ ಮೇಲೆ, ಒಂದು ಕಾಲು ಕಿಟಕಿಯ ಅಂಚಿನ ಮೇಲೆ, ನಗುತ್ತಿದ್ದಾರೆ —